ಬರಿಗಾಲ ಕೋಣೆ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಬಂದವರೆದುರಿಗೆಲ್ಲ ಹೇಳುತ್ತಾರೆ. ಹೇಳಿಕೊಳ್ಳಲಿ ಬಿಡಿ. ಬಿಸಿಲಲ್ಲಿ ಊರೂರು ತಿರುಗಿ ಕಂಡವರ ಪಾದ ನೋಡುವ ಕೆಲಸ ಒಂದು ವಾರ ಮಾಡಿ ನೋಡಲಿ, ಅವರ ಮೂಗಿಗೂ ಸಿಟ್ಟು ಬರುತ್ತದೆ. ಬಸವಕಲ್ಯಾಣದ ಒಂದು ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರ ಕಾಲುಗಳ ಬಗ್ಗೆ ಸಂಶೋಧನೆ ನಡೆದಿದೆ. ಅದರಲ್ಲಿ ಹಳ್ಳಿ ಸುತ್ತುವ ಕೆಲಸ ನನ್ನದು. ಹುಮನಾಬಾದಿನ ನಮ್ಮ ಮನೆಯಿಂದ ಬೆಳಿಗ್ಗೆ ಬಸ್ಸು ಹಿಡಿದು ಒಂದು ದಿನ ಕೊಹಿನೂರ, ಇನ್ನೊಂದು ದಿನ ಕೊಡಂಬಲ ಎಂದು ಹೋಗುತ್ತೇನೆ. ಶುಗರ್ ಇರುವವರ ಮನೆ ಹುಡುಕಿ, ಅವರಿಂದ ಕಾಲು ತೊಳೆಸಿ, ಒರೆಸಿ, ಪರೀಕ್ಷೆ ಮಾಡುತ್ತೇನೆ.

ಸಕ್ಕರೆ ರಕ್ತದಲ್ಲಿ ವರ್ಷಗಟ್ಟಲೆ ಏರಿಯೇ ಇದ್ದರೆ ನರ ಕೆಡುತ್ತದೆ. ಮೊದಲು ಕೆಡುವುದು ಪಾದದ್ದು. ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ, ಸುಟ್ಟರೂ ತಿಳಿಯುವುದಿಲ್ಲ. ನೋವಿಲ್ಲ ಎಂದು ಮನುಷ್ಯ ಆರಾಮಾಗಿ ಓಡಾಡಿಕೊಂಡಿರುತ್ತಾನೆ, ಒಳಗೆ ಗಾಯ ಎಲುಬಿಗೆ ಇಳಿದಿರುತ್ತದೆ. ಗಾಯ ಆಗುವುದಕ್ಕೆ ಮೊದಲೇ, ಸ್ಪರ್ಶ ಹೋದ ಪಾದಗಳನ್ನು ಮನೆಮನೆಯಲ್ಲಿ ಹುಡುಕಿ ಉಳಿಸಬಹುದೇ ಎಂಬುದು ನಮ್ಮ ಡಾಕ್ಟರ್ ಮೇಡಂ ಅವರ ಸಂಶೋಧನೆ.

ಅದಕ್ಕೆ ದೊಡ್ಡ ಯಂತ್ರವೇನೂ ಬೇಡ. ಒಂದು ಹಿಡಿಕೆ, ಅದರ ತುದಿಗೆ ಗಟ್ಟಿಯಾದ ಒಂದು ನೈಲಾನ್ ಎಳೆ. ಎದುರಿಗಿರುವವರು ಕಣ್ಣು ಮುಚ್ಚಬೇಕು. ನಾನು ಆ ಎಳೆಯನ್ನು ಪಾದದ ಬೇರೆ ಬೇರೆ ಜಾಗಕ್ಕೆ, ಅದು ಬಾಗುವಷ್ಟೇ ಒತ್ತಬೇಕು. ತಿಳಿದರೆ ಅವರು ‘ಹ್ಞೂಂ’ ಅನ್ನಬೇಕು. ಇಷ್ಟೇ. ಆದರೆ ನಮ್ಮ ಕಡೆಯ ಮಂದಿಗೆ ಮನೆಗೆ ಬಂದವರ ಮುಂದೆ ಇಲ್ಲ ಅನ್ನುವುದೆಂದರೆ ಮರ್ಯಾದೆ ಹೋದಂತೆ. ಕೊಡಂಬಲದಲ್ಲಿ ಒಬ್ಬ ಅಜ್ಜಿ, ನಾನು ಇನ್ನೂ ಚೀಲದ ಜಿಪ್ಪು ಎಳೆಯುತ್ತಿರುವಾಗಲೇ, “ಹ್ಞೂಂ ತಂಗೀ, ನೀ ಎಲ್ಲಿ ಮುಟ್ಟಿದ್ರೂ ಹ್ಞೂಂ. ಮೊದ್ಲ ಚಾ ಕುಡಿ” ಅಂದಿದ್ದರು. ಇಂಥವರನ್ನೆಲ್ಲ ಕೂರಿಸಿ, ತಿಳಿಹೇಳಿ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಸಿಟ್ಟು ಬರದೆ ಇನ್ನೇನು ಬರುತ್ತದೆ?

ನಮ್ಮ ಮನೆಯವರದು ಹೆದ್ದಾರಿ ಬದಿಗೆ ಹೈಡ್ರಾಲಿಕ್ ರಿಪೇರಿಯ ವರ್ಕ್‌ಶಾಪು. ಟಿಪ್ಪರ್, ಜೆಸಿಬಿ, ಟ್ರ್ಯಾಕ್ಟರ್ ಟ್ರೇಲರಿನ ಜಾಕು, ಎಲ್ಲ ಅಲ್ಲಿಗೆ ಬರುತ್ತವೆ. ಮದುವೆಯಾದ ಹೊಸದರಲ್ಲಿ ನನಗೆ ಈ ಕೆಲಸ ಅರ್ಥವೇ ಆಗುತ್ತಿರಲಿಲ್ಲ. ಮುರಮು ಮಣ್ಣು ತುಂಬಿದ ಟಿಪ್ಪರನ್ನು ಒಂದು ಕೊಡದಷ್ಟು ಎಣ್ಣೆ ಹೇಗೆ ಎತ್ತುತ್ತದೆ ಎಂದು ಕೇಳಿದ್ದೆ. “ಎಣ್ಣಿ ಹಿಂಡಿದ್ರ ಸಣ್ಣದಾಗಂಗಿಲ್ಲ. ಪಂಪು ಹಿಂದಿಂದ ದೂಡಾಕತ್ತದ, ಅದಕ್ಕ ಹೋಗಾಕ ಜಾಗ ಬೇಕು. ಜಾಗ ಮಾಡ್ಕೊಳ್ಳಾಕ ಪಿಸ್ಟನ್ ದೂಡ್ತದ, ಪಿಸ್ಟನ್ ಟಿಪ್ಪರ್ ಎತ್ತತದ. ನಿಮ್ಮವ್ವ ನಿನ್ನ ದೂಡಿದ್ಲು, ನೀ ಬಂದು ನನ್ನ ದೂಡಾಕತ್ತಿ, ಹಂಗ” ಎಂದು ನಕ್ಕಿದ್ದರು. ಅವತ್ತೇ ನನಗೆ ಈ ಮನುಷ್ಯನ ಬಾಯಿ ಎಂಥದ್ದು ಎಂದು ಗೊತ್ತಾಯಿತು.

ವರ್ಕ್‌ಶಾಪಿನ ಹೊರಗಡೆ ಬರೀ ಗ್ರೀಸು, ಮಣ್ಣು, ಗದ್ದಲ. ಒಳಗೆ ಒಂದು ಕೋಣೆ ಇದೆ. ಪಿಸ್ಟನ್ ಓಡಾಡುವ ಸಿಲಿಂಡರನ್ನು ಬಿಚ್ಚಿ ತೊಳೆದ ಮೇಲೆ, ಎಣ್ಣೆ ಸೋರದಂತೆ ಹೊಸ ರಬ್ಬರ್ ಸೀಲು ಹಾಕಿ ಜೋಡಿಸುವುದು ಅಲ್ಲಿ. ಸಿಲಿಂಡರಿನ ಒಳಗೋಡೆ ಕನ್ನಡಿಯ ಹಾಗೆ ನುಣುಪಾಗಿರುತ್ತದೆ. ಮರಳಿನ ಒಂದೇ ಒಂದು ಕಣ ಒಳಗೆ ಸೇರಿದರೂ ಗೆರೆ ಬಿದ್ದು, ಸೀಲು ಹರಿದು, ಎತ್ತಿದ ಲೋಡು ತಾನೇ ತಾನಾಗಿ ಕೆಳಗೆ ಕೂರುತ್ತದೆ. ಅದಕ್ಕೇ ಆ ಕೋಣೆಗೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ನಾಲ್ಕು ಜೆಸಿಬಿ ಇಟ್ಟುಕೊಂಡ ಸಾಹುಕಾರ ಬಂದರೂ ಗುಡಿಗೆ ಬಂದವರಂತೆ ಹೊಸ್ತಿಲಾಚೆ ಬೂಟು ಬಿಟ್ಟೇ ಒಳಗೆ ಬರಬೇಕು. ಈ ಕಾಯ್ದೆ ಮಾಡಿದವರು ನಮ್ಮ ಮನೆಯವರೇ. ತಾವೂ ದಿನವಿಡೀ ಅಲ್ಲಿ ಬರಿಗಾಲಲ್ಲೇ ನಿಲ್ಲುತ್ತಾರೆ.

ಇನ್ನೊಂದು ವಿದ್ಯೆ ಅವರದು ಕಿವಿಯದು. ಗಾಡಿ ಬಂದ ಕೂಡಲೇ ಬಿಚ್ಚುವುದಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಾರೆ. “ಗಾಳಿ ಎಳ್ಯಾಕತ್ತದ,” ಅಥವಾ “ಬೇರಿಂಗ್ ಹೋಗ್ಯಾದ,” ಅನ್ನುತ್ತಾರೆ. ಬಿಚ್ಚಿದರೆ ಅದೇ ಇರುತ್ತದೆ. ಪಕ್ಕದಲ್ಲಿ ಲೇತ್ ಅಂಗಡಿ ಇಟ್ಟಿರುವ ಚಾಚಾ, “ತುಮ್ಹಾರೆ ಇವ್ರಿಗಿ ಕಿವಿ ಅಲ್ಲ ಬೇಟೀ, ಮೀಟರ್ ಅದ” ಎಂದು ತಮಾಷೆ ಮಾಡುತ್ತಿರುತ್ತಾರೆ.

ನಮ್ಮ ಮನೆಯವರಿಗೆ ಶುಗರ್ ಬಂದು ಬಹಳ ವರ್ಷವಾಯಿತು. ಗುಳಿಗೆ ನುಂಗುತ್ತಾರೆ, ಮೇಲೆ ಹೋಳಿಗೆಯನ್ನೂ ನುಂಗುತ್ತಾರೆ. ಕಾಲು ತೋರಿಸಿ ಎಂದರೆ ಮಾತ್ರ, “ಊರ ಮಂದಿ ಕಾಲು ನೋಡಾಕ ನಿನಗ ಪಗಾರ ಕೊಡ್ತಾರ, ನನ್ನ ಕಾಲು ಬಿಡು” ಎಂದು ಜಾರಿಕೊಳ್ಳುತ್ತಿದ್ದರು. ಬರಿಗಾಲಲ್ಲಿ ಕೆಲಸ ಮಾಡುವವರನ್ನೂ ನೋಡಬೇಕು ಎಂದು ಮೇಡಂ ಹೇಳಿದಾಗ ನಾನು ಇವರ ಬೆನ್ನು ಹತ್ತಿದೆ. ಕಡೆಗೊಮ್ಮೆ ಪಡಸಾಲೆಯ ಕಟ್ಟೆಯ ಮೇಲೆ ಕೂತು ಕಾಲು ಚಾಚಿದರು. ಕಣ್ಣು ಮುಚ್ಚಿದರು. ನಾನು ಮುಟ್ಟಿದ ಕಡೆಯೆಲ್ಲ ‘ಹ್ಞೂಂ’, ‘ಹ್ಞೂಂ’. ಹೆಬ್ಬೆರಳು, ಕಿರುಬೆರಳು, ಹಿಮ್ಮಡಿ, ಒಂದೂ ತಪ್ಪಲಿಲ್ಲ. ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. “ನೋಡಿದೇನು? ಇನ್ನೂ ಶೋರೂಮ್ ಗಾಡಿ ಇದು” ಎಂದು ಮೀಸೆ ತಿರುವಿದರು. ಅವತ್ತು ನಾನೇ ಖುಷಿಯಿಂದ ಬಿಸಿ ರೊಟ್ಟಿ ಬಡಿದು ಹಾಕಿದೆ.

ಅದಾಗಿ ಬಹಳ ದಿನವೇನೂ ಆಗಿರಲಿಲ್ಲ. ಒಂದು ಮಧ್ಯಾಹ್ನ ಅವರು ಊಟಕ್ಕೆ ಬಂದು ಅಡುಗೆಮನೆಯಲ್ಲಿ ಕೂತಿದ್ದರು. ನಮ್ಮ ಅತ್ತೆ ಪಡಸಾಲೆಯಿಂದ, “ಯಾರ ಕಾಲಿಗಿ ಕುಂಕುಮ ಹತ್ತ್ಯಾದ? ಫರಸಿ ಎಲ್ಲಾ ಕೆಂಪ್ ಮಾಡೀರಿ ನೋಡು” ಎಂದು ಕೂಗಿದರು. ಹೋಗಿ ನೋಡಿದೆ. ಬಾಗಿಲಿನಿಂದ ಅಡುಗೆಮನೆಯ ತನಕ ಹೆಜ್ಜೆ ಹೆಜ್ಜೆಗೆ ಕೆಂಪು ಗುರುತು. ಕುಂಕುಮ ಅಲ್ಲ, ರಕ್ತ. ಅವರು ಮಾತ್ರ ಪುಂಡಿಪಲ್ಯದಲ್ಲಿ ರೊಟ್ಟಿ ಅದ್ದಿಕೊಂಡು ತಿನ್ನುತ್ತಲೇ ಇದ್ದರು.

ಎಡಗಾಲು ಎತ್ತಿ ತಿರುಗಿಸಿದೆ. ಕಿರುಬೆರಳಿನ ಬುಡದಲ್ಲಿ ಕಬ್ಬಿಣದ ಒಂದು ತುಂಡು ಕಚ್ಚಿಕೊಂಡಿತ್ತು. ಸಿಲಿಂಡರಿನೊಳಗೆ ಬಿಗಿಯುವ ಲಾಕ್ ರಿಂಗು, ಅದರ ಮುರಿದ ಅರ್ಧ. ಅವರು ಬಗ್ಗಿ ನೋಡಿ, “ಇಲ್ಲಿ ಅದ ಏನಿದು! ಮುಂಜಾನಿಂದ ಇದನ್ನಽ ಹುಡುಕಾಕತ್ತೀನಿ. ಎಣ್ಣ್ಯಾಗ ಬಿತ್ತೇನೋ ಅಂತ ಜೀವ ಹೋಗಿತ್ತು” ಅಂದರು. ಸಿಲಿಂಡರಿನೊಳಗೆ ಬೀಳಲಿಲ್ಲವಲ್ಲ ಎಂದು ಆ ಮನುಷ್ಯನಿಗೆ ಸಮಾಧಾನ! ನನಗೆ ಅಳಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ.

ಗಾಯ ತೊಳೆದು ಕಟ್ಟುತ್ತಿರುವಾಗ ತಲೆಯೊಳಗೆ ಒಂದೇ ಪ್ರಶ್ನೆ. ನೈಲಾನಿನ ಎಳೆ ತಿಳಿದ ಪಾದಕ್ಕೆ ಕಬ್ಬಿಣ ತಿಳಿಯುವುದಿಲ್ಲವೇ? ಚೀಲ ತಂದೆ. “ಮತ್ತೇನು ಪರೀಕ್ಷಾ?” ಎಂದು ಗೊಣಗಿದರೂ ಕಣ್ಣು ಮುಚ್ಚಿದರು. ಮತ್ತೆ ಹ್ಞೂಂ, ಹ್ಞೂಂ, ಹ್ಞೂಂ. ಎಲ್ಲ ಸರಿ. ಬೆವರಿಗೆ ಹಣೆಗಂಟಿದ ಕೂದಲನ್ನು ಹಿಂದಕ್ಕೆ ತಳ್ಳಲು ನಾನು ಕೈ ಎತ್ತಿದೆ.

“ಹ್ಞೂಂ” ಅಂದರು.

ನನ್ನ ಕೈ ಹಣೆಯ ಮೇಲಿತ್ತು. ಪಾದದ ಹತ್ತಿರ ಏನೂ ಇರಲಿಲ್ಲ. ಸುಮ್ಮನೆ ಕೈಯನ್ನು ಒಂದು ಸಲ ಅಲುಗಿಸಿದೆ. ಗಾಜಿನ ಬಳೆಗಳು ಕಿಣಿಕ್ಕೆಂದವು. “ಹ್ಞೂಂ” ಅಂದರು.

ಎದ್ದು ಬಚ್ಚಲಿಗೆ ಹೋಗಿ ಮುಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿ ಬಳೆಗಳನ್ನು ಒಂದೊಂದಾಗಿ ತೆಗೆಯತೊಡಗಿದೆ. ಅತ್ತೆ ನೋಡಿಬಿಟ್ಟರು. ಅವರು ಹೌಹಾರಿದ್ದನ್ನು ಹೇಳುವುದು ಬೇಡ. ನಮ್ಮಲ್ಲಿ ಹಳೆ ಬಳೆ ತೆಗೆಯುವುದೆಂದರೆ ಹೊಸ ಬಳೆ ಇಡಿಸಿಕೊಳ್ಳುವಾಗ ಮಾತ್ರ. ಅದೂ ಕೈಗೆ ದಾರ ಕಟ್ಟಿಕೊಂಡು. ಕೈ ಪೂರಾ ಬರಿದಾಗುವುದು ಗಂಡ ಸತ್ತಾಗ.

“ಏ, ಬುದ್ಧಿ ಅದ ಏನ ನಿನಗ? ಗಂಡ ಗುಂಡಕಲ್ಲಿನಂಗ ಎದುರಿಗಿ ಕುಂತಾನ, ಕೈ ಬೋಳು ಮಾಡ್ಕೊಳ್ಳಾಕತ್ತಿ!”

“ಅತ್ತೀ, ಜರಾ ಸುಮ್ನಿರ್ರಿ. ಬಯ್ಯೋದು ಆಮ್ಯಾಲ ಬಯ್ರಿ. ನಿಮ್ಮ ಮಗನ ಕಾಲಿಂದ ಅದ ಮಾತು.”

“ಕಾಲಿಗೂ ಬಳಿಗೂ ಏನ್ ಸಂಬಂಧನ?” ಎಂದು ಅವರು ಬಾಗಿಲಲ್ಲೇ ಕೂತುಬಿಟ್ಟರು. ಬೋಳು ಕೈಯಲ್ಲಿ ಬಂದು, ಇನ್ನೂ ಕಣ್ಣು ಮುಚ್ಚಿಯೇ ಕೂತಿದ್ದ ನಮ್ಮ ಮನೆಯವರ ಕಾಲ ಬುಡದಲ್ಲಿ ಕೂತೆ. ನನ್ನ ಮುಂಗೈ ನನಗೇ ನೋಡಲಾಗುತ್ತಿರಲಿಲ್ಲ. ಆದರೂ ಎಳೆ ಹಿಡಿದೆ. ಹೆಬ್ಬೆರಳಿಗೆ ಒತ್ತಿದೆ. ಪಕ್ಕದ ಬೆರಳಿಗೆ ಒತ್ತಿದೆ. ಅಂಗಾಲಿಗೆ, ಹಿಮ್ಮಡಿಗೆ, ಮತ್ತೆ ಹೆಬ್ಬೆರಳಿಗೆ. ಎಡಗಾಲು ಮುಗಿಯಿತು. ಬಲಗಾಲಿನದೂ ಮುಗಿಯಿತು. ಕಣ್ಣು ಮುಚ್ಚಿಕೊಂಡು, ತುಟಿಯ ಮೇಲೆ ಸಣ್ಣ ನಗು ಇಟ್ಟುಕೊಂಡು ಕೂತೇ ಇದ್ದರು.

“ಶುರು ಮಾಡ. ಯಾಕ ಸುಮ್ನ ಕುಂತಿ?” ಅಂದರು.

ನಾನು ಜೋರಾಗಿ ಅತ್ತುಬಿಟ್ಟೆ. ಅವರು ಕಣ್ಣು ಬಿಟ್ಟು, ಮೊದಲು ನನ್ನ ಕೈ ನೋಡಿ ಬೆಚ್ಚಿದರು. “ಏನಾತು? ಬಳಿ ತಗದೇ ಬಿಟ್ಟಿ ಏನು?” ಅಂದರು. ಹೇಳಿದೆ. “ನಾ ಸುಳ್ಳು ಹೇಳಿಲ್ಲ ನೋಡು. ಸಪ್ಪಳಾತು, ನೀ ಮುಟ್ಟಿದಿ ಅನಿಸ್ತು. ಖರೇನಽ ಅನಿಸ್ತು” ಅಂದರು. ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು. ಜೀವಮಾನವೆಲ್ಲ ಕಿವಿಯಿಂದಲೇ ಪಂಪಿನ ಹೊಟ್ಟೆಯೊಳಗಿನದನ್ನು ಅರಿತ ಮನುಷ್ಯ. ಪಾದ ಹೇಳದ್ದನ್ನೂ ಅವರ ಕಿವಿಯೇ ಹೇಳಿಬಿಟ್ಟಿತ್ತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಸವಕಲ್ಯಾಣಕ್ಕೆ ಕರೆದುಕೊಂಡು ಹೋದೆ. ಮೇಡಂ ಗಾಯದ ಸುತ್ತ ಒತ್ತಿದರು, ಕೀವು ಬಂತು. ಕಬ್ಬಿಣದ ತುಂಡು ಬರೀ ನೆಪ. ಅದೇ ಜಾಗದಲ್ಲಿ ಮೊದಲೇ ಒಂದು ಹಳೆಯ ಗಾಯ ಮೇಲೆ ಮುಚ್ಚಿಕೊಂಡು ಒಳಗೆ ಕೊಳೆಯುತ್ತಿತ್ತು. ಎಕ್ಸ್‌ರೇ ನೋಡಿ ಸರ್ಜನ್ ನೇರವಾಗಿ ಹೇಳಿದರು. ಎರಡು ಬೆರಳು ತೆಗೆಯಲೇಬೇಕು. ಕೀವು ಅಲ್ಲಿಗೆ ನಿಂತರೆ ಪಾದ ಉಳಿಯುತ್ತದೆ. ಮೇಲೇರಿದರೆ ಅರ್ಧ ಪಾದ, ಇನ್ನೂ ಏರಿದರೆ ಮೊಣಕಾಲ ಕೆಳಗಿನದೆಲ್ಲ ಹೋಗುತ್ತದೆ.

“ನಿಂತು ಮಾಡೋ ಕೆಲಸ ನಂದು, ಸಾಹೇಬ್ರ” ಅಂದರು ನಮ್ಮ ಮನೆಯವರು. ಅಷ್ಟೇ ಅಂದದ್ದು.

ವಾರ್ಡಿನಲ್ಲಿ ಅವರಿಗೆ ತಿಳಿಯುವ ಹಾಗೆ ಹೇಳೋಣವೆಂದು ಬಾಯಿ ತೆರೆದೆ. “ಹೊರಗ ಒಂದು ಹನಿ ಸೋರಿರಂಗಿಲ್ಲ, ಒಳಗ ಎಣ್ಣಿ ಸರದು ಲೋಡ್ ಕೆಳಗ ಕೂಡತದ ಅಂತೀರಲ್ಲ, ಹಂಗ ಆಗ್ಯಾದ್ರಿ ಇದು” ಅಂದೆ. ಮೈಮೇಲೆ ಬಂದವರಂತೆ ಸಿಡುಕಿದರು. “ನನ್ನ ಕಾಲೇನು ಟಿಪ್ಪರ್ ಏನ? ಟಿಪ್ಪರ್ ಆಗಿದ್ರ ಸೀಲ್ ಬದ್ಲಿ ಮಾಡಿ ಸಂಜೀಕ ಕಳಸ್ತಿದ್ದೆ. ಇದಕ್ಕ ಸೀಲ್ ಯಾವ ಅಂಗಡ್ಯಾಗ ಸಿಗ್ತದ, ಹೇಳು!” ಗೋಡೆ ಕಡೆ ತಿರುಗಿ ಮಲಗಿದರು.

ಬೆರಳು ತೆಗೆದ ಮೇಲೆ ದಿನಾ ಡ್ರೆಸ್ಸಿಂಗ್. ಸತ್ತ ಮಾಂಸವನ್ನು ಕತ್ತರಿಯಿಂದ ಕತ್ತರಿಸಿ ತೆಗೆಯುತ್ತಿದ್ದರು. ಇವರು ಫೋನಿನಲ್ಲಿ ಯಾರೋ ಗಿರಾಕಿಗೆ ಎಣ್ಣೆಯ ಗ್ರೇಡು ಹೇಳುತ್ತಾ ಕೂತಿರುತ್ತಿದ್ದರು. ಪಕ್ಕದ ಮಂಚದವನಿಗೆ ಪಟ್ಟಿ ಬಿಚ್ಚಿದರೆ ಸಾಕು, “ಸತ್ತ್ಯೋ ಯವ್ವಾ” ಎಂದು ವಾರ್ಡು ಹಾರಿಹೋಗುವಂತೆ ಕಿರುಚುತ್ತಿದ್ದ. ಅವನ ಹೆಂಡತಿಗೆ ನಾಚಿಕೆಯಾಗುತ್ತಿತ್ತು. ನನಗೆ ಅವಳನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತಿತ್ತು. ನಮ್ಮವರೂ ಒಂದು ಸಲ ಹಾಗೆ ಕಿರುಚಲಿ, ಬೇಕಾದರೆ ನನ್ನನ್ನೇ ಬಯ್ಯಲಿ ಎಂದು ಕಾಣದ ದೇವರಿಗೆಲ್ಲ ಕೈ ಮುಗಿದೆ. ಅವರು ಕಿರುಚಲಿಲ್ಲ. ಆದರೆ ಕೀವು ಮೇಲೇರಲಿಲ್ಲ. ಪಾದ ಉಳಿಯಿತು ಎಂದು ಸರ್ಜನ್ ಹೇಳಿದ ದಿನ ಅತ್ತೆ ನನಗೆ ಹೊಸ ಬಳೆ ಇಡಿಸಿದರು.

ಬಳೆಯ ಸಂಗತಿಯನ್ನು ನಾನು ಮೊದಲ ದಿನವೇ ಮೇಡಂಗೆ ಹೇಳಿದ್ದೆ. ಅವರು ತಲೆಯ ಮೇಲೆ ಕೈ ಹೊತ್ತು ಕೂತರು. ಪರೀಕ್ಷೆಗೆ ತಿರುಗುವ ನಾವೆಲ್ಲ ಹೆಂಗಸರೇ, ಎಲ್ಲರ ಕೈಯಲ್ಲೂ ಗಾಜಿನ ಬಳೆ. ಯಾವ ಪುಸ್ತಕದಲ್ಲೂ ಇದನ್ನು ಬರೆದಿಲ್ಲ ಅಂದರು. ಸರಿ, ನೋಡಿದವರನ್ನೆಲ್ಲ ಮತ್ತೆ ನೋಡಬೇಕಾಯಿತು. ಜೊತೆಗಿನ ಹೆಂಗಸರು ಬಳೆಯ ಮೇಲೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡರು. ನನಗೆ ಅದರ ಮೇಲೆ ನಂಬಿಕೆ ಬರಲಿಲ್ಲ. ಸಲೀಸಾಗಿ ಕಳಚಲು ಬರಲೆಂದು ದೊಡ್ಡ ಅಳತೆಯ ಬಳೆ ಇಟ್ಟುಕೊಂಡು, ಪರೀಕ್ಷೆಗೆ ಕೂರುವಾಗ ತೆಗೆದು ಚೀಲಕ್ಕೆ ಹಾಕತೊಡಗಿದೆ.

ಕೊಹಿನೂರದಲ್ಲಿ ಒಬ್ಬ ಗೌಡತಿ ನನ್ನ ಕೈ ನೋಡಿದರು, ಕುತ್ತಿಗೆಯ ತಾಳಿ ನೋಡಿದರು, ಹಣೆಯ ಕುಂಕುಮ ನೋಡಿದರು. ಲೆಕ್ಕ ಕೂಡಲಿಲ್ಲ ಅವರಿಗೆ. ಮೆಲ್ಲಗೆ, “ನಿಮ್ಮ ಮನಿ ಮಾಲಕರು ಹ್ಯಾಂಗ ಅದಾರವ್ವಾ?” ಎಂದು ಕೇಳಿದರು.

“ಆರಾಮ ಅದಾರ್ರಿ. ಆರಾಮ ಇರ್ಲಿ ಅಂತನಽ ತೆಗದೀನಿ” ಅಂದೆ. ಅವರಿಗೆ ಏನು ತಿಳಿಯಿತೋ, ಸುಮ್ಮನೆ ಕಾಲು ಮುಂದಿಟ್ಟರು.

ಹೊಸ ಚರ್ಮ ಬಂದು ನಡೆಯುವಂತಾದ ಮೇಲೆ ಅವರು ವರ್ಕ್‌ಶಾಪಿಗೆ ಹೊರಟು ನಿಂತರು. ಮೇಡಂ ಬರಿಗಾಲು ಇನ್ನು ಕನಸಲ್ಲೂ ಇಡಬಾರದು ಅಂದಿದ್ದರು. ಇವರು ಆ ಕೋಣೆಗೆ ಚಪ್ಪಲಿ ಬರಕೂಡದು ಅಂದರು. ನಮ್ಮ ಮನೆಯಲ್ಲಿ ಒಂದು ವಾರ ಅದೇ ಯುದ್ಧ. ಕಡೆಗೆ ಒಂದು ದಾರಿ ಹುಡುಕಿದೆವು. ಕಾಲಿನ ಅಳತೆಗೆ ಹೊಲಿಸಿದ ಮೆತ್ತನೆಯ ಬೂಟು, ಆ ಕೋಣೆಗೆಂದೇ ಬೇರೆ ಒಂದು ಜೋಡಿ. ಹೊರಗಿನ ನೆಲಕ್ಕೆ ಅದನ್ನು ಇಡುವುದೇ ಇಲ್ಲ. ದಿನಾ ಒದ್ದೆ ಬಟ್ಟೆಯಿಂದ ಒರೆಸಿ ಕಪಾಟಿನಲ್ಲಿಡುವುದು. ಒಪ್ಪಿಕೊಂಡರು. ಸಂಜೆ ಮನೆಗೆ ಬಂದಾಗ, “ಹಾಕ್ಕೊಂಡಿದ್ರಿ ಏನು?” ಎಂದು ಕೇಳುತ್ತಿದ್ದೆ. “ಹ್ಞೂಂ” ಅನ್ನುತ್ತಿದ್ದರು. ಆ ಹ್ಞೂಂ ಕೇಳಿದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಮೊನ್ನೆ ಕೊಹಿನೂರದ ಕೆಲಸ ಬೇಗ ಮುಗಿಯಿತು. ಬಸ್ಸಿನಿಂದ ಹೆದ್ದಾರಿಯಲ್ಲೇ ಇಳಿದು ವರ್ಕ್‌ಶಾಪಿಗೆ ನಡೆದೆ. ಹೊರಗೆ ಒಂದು ಟಿಪ್ಪರ್ ನಿಂತಿತ್ತು. ಅದರ ಮಾಲೀಕ, ಡ್ರೈವರ್, ಚಾಚಾ, ಮೂವರೂ ಬಾಗಿಲಲ್ಲಿ ಚಾ ಕುಡಿಯುತ್ತಿದ್ದರು. ಒಳಕೋಣೆಯ ಕಪಾಟಿನಲ್ಲಿ ಆ ಬೂಟುಗಳು ಹೊಸ ಮದುಮಗನ ಬೂಟುಗಳಂತೆ ಥಳಥಳ ಎನ್ನುತ್ತಿದ್ದವು. ಇವರು ಬರಿಗಾಲಲ್ಲಿ ನಿಂತು ಸೀಲು ಕೂರಿಸುತ್ತಿದ್ದರು.

ಬಾಗಿಲಲ್ಲಿ ಯಾರಿದ್ದಾರೆಂದೂ ನೋಡದೆ ಕೂಗಿದೆ.

“ಎರಡು ಬೆರಳು ಕೊಟ್ಟೀರಿ. ಇನ್ನೇನು ಕೊಡವ್ರು ಈ ಕೋಣಿಗಿ?”

“ಏ, ಮೆಲ್ಲಗ ಮಾತಾಡು. ಮಂದಿ ಅದಾರ.”

“ಇರ್ಲಿ ಮಂದಿ! ಮಂದಿ ಬರ್ತಾರೇನ್ರಿ ನಾಳಿ ನಿಮ್ಮ ಕಾಲು ಹೊತಗೊಂಡು?”

“ಒಂದಽ ಸೀಲ್ ಕೂಡಸೋದಿತ್ತು. ಬೂಟ್ ಹಾಕ್ಕೊಂಡ್ರ ಕೆಳಗ ಏನರ ಬಿದ್ದದ್ದು ಕಾಲಿಗಿ ತಿಳೀಯಂಗಿಲ್ಲ ಅಂತ...”

ಹೇಳುತ್ತಿದ್ದವರು ಅರ್ಧಕ್ಕೇ ಮಾತು ನಿಲ್ಲಿಸಿದರು. ಏನು ಹೇಳಿದೆನೆಂದು ಅವರಿಗೇ ಕೇಳಿಸಿತು. ಚಾಚಾ ಚಾದ ಕಪ್ಪು ಕೆಳಗಿಟ್ಟರು. ಟಿಪ್ಪರಿನ ಮಾಲೀಕ ಏನೂ ಕೇಳದವನಂತೆ ರಸ್ತೆ ನೋಡತೊಡಗಿದ.

“ಈಗ ಏನರ ಚುಚ್ಚ್ಯಾದ ಏನ್ರಿ?” ಎಂದು ಕೇಳಿದೆ.

ಏನೂ ಇಲ್ಲ ಅನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ಕೈಯಲ್ಲಿದ್ದ ಸೀಲನ್ನು ಬಟ್ಟೆಯ ಮೇಲಿಟ್ಟು, ತಲೆ ಬಗ್ಗಿಸಿ ತಮ್ಮ ಪಾದಗಳನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಸ್ಟೂಲು ಎಳೆದುಕೊಂಡು ಕೂತು, ಅಷ್ಟೂ ಜನರ ಎದುರಿಗೇ ಎರಡೂ ಕಾಲು ನನ್ನ ಕಡೆ ಚಾಚಿದರು.

“ನನಗ ತಿಳೀವಲ್ದು,” ಅಂದರು. “ನೀನಽ ನೋಡು.”